ಇ.ಸಿ. ಅಂಕಿ ಕದಲದಂತೆ ಕಾಯುವ ಯಂತ್ರ ಕೊಳ್ಳುವ ಮುನ್ನ

ಹೈಡ್ರೋಪೋನಿಕ್ಸ್‌ನಲ್ಲಿ, ಅಂದರೆ ಮಣ್ಣಿಲ್ಲದೆ ಗೊಬ್ಬರ ಕರಗಿಸಿದ ನೀರಿನಲ್ಲಿ, ಬೆಳೆಯುವ ಲೆಟಿಸ್ ಸೊಪ್ಪಿಗೆ ದ್ರಾವಣದ ಇ.ಸಿ.ಯನ್ನು (ವಿದ್ಯುದ್ವಾಹಕತೆಯನ್ನು) 1.2 mS/cmನಲ್ಲೇ ಹಿಡಿದಿಡಲು ತಾನಾಗಿಯೇ ಗೊಬ್ಬರ ಸೇರಿಸುವ ಸ್ವಯಂಚಾಲಿತ ಯಂತ್ರ ಯಾವುದೆಂದು ಕೇಳಿದ್ದೀರಿ. ಅಂಥದೇ ಯಂತ್ರ ನನ್ನಲ್ಲಿತ್ತು. ಅದು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿದ್ದಾಗಲೇ ನನ್ನ ಬೆಳೆ ಕೈಕೊಟ್ಟಿತು.

ಮೊದಲು ಕೆಳಗಿನ ಹಳೆಯ ಎಲೆಗಳು ಹಳದಿಯಾದವು, ಬಳಿಕ ಅವುಗಳ ಅಂಚು ಒಣಗಿತು. ಮೀಟರಿನಲ್ಲಿ ಇ.ಸಿ. 1.2, ಪಿ.ಎಚ್. (ಆಮ್ಲ-ಕ್ಷಾರದ ಮಟ್ಟ) 6ರ ಆಸುಪಾಸು. ಅಂಕಿಗಳು ಸರಿಯಿರುವಾಗ ಗೊಬ್ಬರದ ಕೊರತೆ ಇರಲಾರದೆಂದು ನಂಬಿ, ಬೆಳಕು, ಬೇರುಕೊಳೆ, ನೀರಿನ ಬಿಸಿ ಎಂದು ಬೇರೆಲ್ಲ ಕಡೆ ಕಾರಣ ಹುಡುಕಿದೆ. ಕೊನೆಗೆ ದ್ರಾವಣವನ್ನು ಪ್ರಯೋಗಾಲಯಕ್ಕೆ ಕೊಟ್ಟಾಗ ನೈಟ್ರೇಟ್ ಮತ್ತು ಪೊಟ್ಯಾಶಿಯಂ ಬಹುತೇಕ ಬರಿದಾಗಿ, ಸೋಡಿಯಂ, ಕ್ಲೋರೈಡ್, ಸಲ್ಫೇಟ್‌ಗಳು ತುಂಬಿಕೊಂಡಿರುವುದು ತಿಳಿಯಿತು.

ಇದು ಹೇಗಾಯಿತೆಂಬುದನ್ನು ಬಿಡಿಸಿ ಹೇಳಲೇಬೇಕು. ಇ.ಸಿ. ಮೀಟರ್ ದ್ರಾವಣದ ವಿದ್ಯುದ್ವಾಹಕತೆಯನ್ನು ಅಳೆಯುತ್ತದೆ. ಅಂದರೆ ಕರಗಿದ ಲವಣಗಳು ಒಟ್ಟು ಎಷ್ಟಿವೆ ಎಂದು ಸೂಚಿಸುತ್ತದೆಯೇ ಹೊರತು ಅವು ಯಾವುವೆಂದು ಹೇಳುವುದಿಲ್ಲ. ಗಿಡ ನೈಟ್ರೇಟ್, ರಂಜಕ, ಪೊಟ್ಯಾಶಿಯಂಗಳನ್ನು ಬೇಗ ಹೀರುತ್ತದೆ, ಕ್ಯಾಲ್ಸಿಯಂ ಮತ್ತು ಸಲ್ಫೇಟ್‌ಗಳನ್ನು ನಿಧಾನವಾಗಿ ತೆಗೆದುಕೊಳ್ಳುತ್ತದೆ, ನೀರಿನ ಮೂಲದಿಂದ ಬರುವ ಸೋಡಿಯಂ ಮತ್ತು ಕ್ಲೋರೈಡ್‌ಗಳನ್ನು ಹೆಚ್ಚಿನಂಶ ಟ್ಯಾಂಕಿನಲ್ಲೇ ಬಿಡುತ್ತದೆ. ನಾನು ಟ್ಯಾಂಕನ್ನು ಖಾಲಿ ಮಾಡದೆ, ಇಂಗಿದಷ್ಟು ನೀರನ್ನು ಉಪ್ಪಿನಂಶವುಳ್ಳ ನೀರಿನಿಂದಲೇ ತುಂಬಿಸುತ್ತಿದ್ದೆ. ಗಿಡಕ್ಕೆ ಬೇಡದ ಲವಣಗಳು ಉಳಿದು ಅಂಕಿಯನ್ನು ಎತ್ತಿಹಿಡಿದಷ್ಟೂ ಯಂತ್ರ ಹಾಕುವ ಗೊಬ್ಬರ ಕಡಿಮೆಯಾಗುತ್ತಾ ಹೋಯಿತು. ನಾನು ಕಾಪಾಡುತ್ತಿದ್ದದ್ದು ಅಂಕಿಯನ್ನು, ಪೋಷಕಾಂಶವನ್ನಲ್ಲ.

ಆದ್ದರಿಂದ ಅಂಕಿ ಕದಲಬಾರದೆಂಬ ನಿಮ್ಮ ಗುರಿಯನ್ನೇ ನಾನು ಒಪ್ಪುವುದಿಲ್ಲ. ಗೊಬ್ಬರ ಸೇರಿಸದೆ ಬಿಟ್ಟಾಗ ನೀರು ಇಳಿಯುತ್ತಾ ಇ.ಸಿ. ಏರಿದರೆ ದ್ರಾವಣ ಗಿಡಕ್ಕೆ ಗಾಢವಾಯಿತು, ಇ.ಸಿ.ಯೂ ಇಳಿದರೆ ಗಿಡ ಹಸಿದಿದೆ ಎಂದು ತಿಳಿಯುತ್ತದೆ. ಯಂತ್ರ ಕ್ಷಣಕ್ಷಣಕ್ಕೂ ಸರಿಪಡಿಸುತ್ತಿದ್ದರೆ ಈ ಸುಳಿವೇ ಅಳಿಸಿಹೋಗುತ್ತದೆ. ಯಂತ್ರದ ಹಣದಲ್ಲಿ ಮೊದಲು ನಿಮ್ಮ ನೀರನ್ನು ಪರೀಕ್ಷೆ ಮಾಡಿಸಿ. ನೀರು ಇಳಿದಾಗ ಮತ್ತೆ ತುಂಬಿಸಿದ ನೀರಿನ ಲೆಕ್ಕವನ್ನು ಪ್ರತಿದಿನ ಬರೆದಿಡಿ, ಆ ಮೊತ್ತ ಟ್ಯಾಂಕಿನ ಅಳತೆಯನ್ನು ಮುಟ್ಟಿದಾಗ ಹಳೆಯ ದ್ರಾವಣವನ್ನು ಪೂರ್ತಿ ಹೊರಹಾಕಿ ಹೊಸದನ್ನು ತುಂಬಿಸಿ. ನೀರಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಇನ್ನೂ ಬೇಗ ಬದಲಿಸಬೇಕು, ಇಲ್ಲವೇ ಮಳೆನೀರನ್ನು ಬೆರೆಸಬೇಕು.

ಮೀಟರ್ ಬೇಕೇ ಬೇಕು, ಆದರೆ ಕೈಯಲ್ಲಿ ಹಿಡಿಯುವ ಸಾಧಾರಣ ಮೀಟರ್ ಸಾಕು. ವಾಹಕತೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 2ರಷ್ಟು ಬದಲಾಗುವುದರಿಂದ ಅದರಲ್ಲಿ ಉಷ್ಣತೆಯ ಹೊಂದಾಣಿಕೆ ಇರಲಿ, ಮತ್ತು ಇ.ಸಿ. 1.413 ಎಂದು ಮೊದಲೇ ಗೊತ್ತಿರುವ ಪ್ರಮಾಣಿತ ದ್ರಾವಣದಲ್ಲಿ ಅದ್ದಿ ಆಗಾಗ ಪರಿಶೀಲಿಸಿ. ಓದುವಾಗ ಪಿ.ಪಿ.ಎಂ. (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಅಳತೆ) ಬಳಸಬೇಡಿ: ಒಂದೇ 1.2 ಇ.ಸಿ.ಯನ್ನು ಒಂದು ಮೀಟರ್ 600 ಎಂದೂ ಇನ್ನೊಂದು 840 ಎಂದೂ ತೋರಿಸುತ್ತದೆ, ಏಕೆಂದರೆ ಅವುಗಳ ಪರಿವರ್ತನೆಯ ಗುಣಕಗಳೇ ಬೇರೆ ಬೇರೆ.