ಕಾಂಪ್ಯಾಕ್ಟ್ ಎಸ್‌ಯುವಿ: ಎತ್ತರ ಸಿಗುತ್ತದೆ, ಜಾಗ ಅಷ್ಟಕ್ಕಷ್ಟೇ

ಈ ಸಲದ ಓದುಗರ ಪ್ರಶ್ನೆಗಳಲ್ಲಿ ಹೆಚ್ಚಿನವು ನಾಲ್ಕು ಮೀಟರ್ ಒಳಗಿನ ಎಸ್‌ಯುವಿಗಳದ್ದೇ. ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್, ಎಕ್ಸ್‌ಯುವಿ 3ಎಕ್ಸ್‌ಒ, ಯಾವುದಕ್ಕೆ ಟೇಪು ಹಿಡಿದರೂ ಉದ್ದ 3,990–3,995 ಮಿ.ಮೀ. ಈ ಅಳತೆ ತೆರಿಗೆ ಪಟ್ಟಿಯ ಕೊಡುಗೆ. ಉದ್ದ ನಾಲ್ಕು ಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲಾದರೆ 1,200 ಸಿಸಿ, ಡೀಸೆಲ್ಲಾದರೆ 1,500 ಸಿಸಿ ಒಳಗಿರಬೇಕು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ ಶೇ 18, ಉಳಿದವಕ್ಕೆ ಶೇ 40. ಬ್ರೆಝಾ ಉದ್ದದಲ್ಲಿ ಪಾಸಾದರೂ ಪೆಟ್ರೋಲ್ ಎಂಜಿನ್ 1,462 ಸಿಸಿ ಇರುವುದರಿಂದ ಶೇ 40ರ ಸಾಲಿಗೆ ಬೀಳುತ್ತದೆ. ಶೋರೂಮಿನಲ್ಲಿ ದರ ಹೋಲಿಸುವಾಗ ಇದು ನೆನಪಿರಲಿ.

ತೀರ್ಥಹಳ್ಳಿ ತಾಲ್ಲೂಕಿನಿಂದ: ಮನೆ ಡಾಂಬರು ರಸ್ತೆಯಿಂದ ಎರಡು ಕಿ.ಮೀ. ಒಳಗಿದೆ. ಈಗಿರುವ ಸಣ್ಣ ಕಾರಿನ ತಳ ಉಜ್ಜುತ್ತದೆ. ಮಳೆಗಾಲದಲ್ಲಿ ಒಂದು ಏರಿನ ಹತ್ತಿರ ಚಕ್ರ ಸುತ್ತುತ್ತಾ ನಿಂತುಬಿಡುತ್ತದೆ. ಕಾಂಪ್ಯಾಕ್ಟ್ ಎಸ್‌ಯುವಿ ತೆಗೆದುಕೊಂಡರೆ ಎರಡೂ ತಾಪತ್ರಯ ತಪ್ಪುತ್ತದೆಯೇ?

ತಳ ಉಜ್ಜುವುದು ಬಹುಪಾಲು ತಪ್ಪುತ್ತದೆ. ಏರಿನಲ್ಲಿ ಸಿಕ್ಕಿಬೀಳುವುದು ತಪ್ಪುವುದಿಲ್ಲ.

ಸ್ವಿಫ್ಟ್, ಡಿಜೈರ್‌ಗಳ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ತಳಕ್ಕೂ ಇರುವ ಅಂತರ, 163 ಮಿ.ಮೀ. ಬ್ರೆಝಾದ್ದು 198, ನೆಕ್ಸಾನ್‌ದು 208. ನಾಲ್ಕು ಬೆರಳಿನಷ್ಟೂ ಇಲ್ಲದ ಈ ವ್ಯತ್ಯಾಸ ಮಣ್ಣುರಸ್ತೆಯಲ್ಲಿ ದೊಡ್ಡದೇ. ಆದರೆ ಕಂಪನಿಗಳು ಸಾಮಾನ್ಯವಾಗಿ ಕೊಡುವುದು ಖಾಲಿ ಕಾರಿನ ಲೆಕ್ಕ. ಐದು ಜನ ಕೂತು, ಹಿಂದೆ ಒಂದು ಮೂಟೆ ಅಡಿಕೆಯೋ ಗ್ಯಾಸ್ ಸಿಲಿಂಡರೋ ಬಿತ್ತೆಂದರೆ ಅದು ಕುಗ್ಗುತ್ತದೆ.

ಬುಕ್ ಮಾಡುವ ಮೊದಲು ರಸ್ತೆಯನ್ನೇ ಅಳೆಯಿರಿ. ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಗಾಲಿ ಜಾಡು ಬಿದ್ದು ನಡುವೆ ದಿಣ್ಣೆ ಎದ್ದಿರುತ್ತದಲ್ಲ, ಅದರ ನೆತ್ತಿಯ ಮೇಲೆ ನೇರವಾದ ಬಿದಿರು ಕೋಲೊಂದನ್ನು ಅಡ್ಡ ಇಟ್ಟು, ಜಾಡಿನ ತಳದವರೆಗೆ ಸ್ಕೇಲು ಹಿಡಿಯಿರಿ. 15 ಸೆಂ.ಮೀ. ಒಳಗಿದ್ದರೆ ಈ ವರ್ಗದ ಯಾವ ಕಾರಾದರೂ ನಡೆಯುತ್ತದೆ. 18 ದಾಟಿದ್ದರೆ ಕಾರು ಬದಲಿಸುವುದಕ್ಕಿಂತ ಎರಡು ಲೋಡು ಜಲ್ಲಿ ಹಾಕಿಸುವುದು ಅಗ್ಗ.

ಇನ್ನು ಏರಿನ ವಿಷಯ. ಮೇಲೆ ಹೇಳಿದ ಎಲ್ಲ ಕಾರುಗಳೂ ಮುಂದಿನ ಚಕ್ರ ಎಳೆಯುವಂಥವು. ಏರು ಹತ್ತುವಾಗ ಭಾರ ಹಿಂದಕ್ಕೆ ಜಾರಿ ಮುಂದಿನ ಚಕ್ರ ಹಗುರಾಗುತ್ತದೆ, ಕೆಸರಿನಲ್ಲಿ ಹಿಡಿತ ತಪ್ಪುತ್ತದೆ. ಬಾಡಿ ಎಷ್ಟು ಗಡುಸಾಗಿ ಕಂಡರೂ ಈ ವಿಷಯದಲ್ಲಿ ಅದು ನಿಮ್ಮ ಈಗಿನ ಕಾರಿನ ಅಣ್ಣನೇ. ಸಿಕ್ಕಿಕೊಂಡಾಗ ಟ್ರಾಕ್ಷನ್ ಕಂಟ್ರೋಲ್ ಬಟನ್ ಇದ್ದರೆ ಆಫ್ ಮಾಡಿ. ಚಕ್ರ ಸುತ್ತಿದ ಕೂಡಲೇ ಅದು ಎಂಜಿನ್ ಶಕ್ತಿ ಕಡಿತ ಮಾಡುವುದರಿಂದ ಕಾರು ಅಲ್ಲೇ ಕುಸಿಯುತ್ತದೆ. ಏರು ದಾಟಿದ ಮೇಲೆ ಮರೆಯದೆ ಆನ್ ಮಾಡಿ. ಟೈರಿನ ಗಾಳಿ 33ರಿಂದ 25 ಪಿಎಸ್‌ಐಗೆ ಇಳಿಸಿದರೆ ಹಿಡಿತ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಆದರೆ ಆ ಗಾಳಿಯಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸುವಂತಿಲ್ಲ. ಹಾಗಾಗಿ ಡಿಕ್ಕಿಯಲ್ಲಿ 12 ವೋಲ್ಟಿನ ಪಂಪು ಬೇಕೇ ಬೇಕು. ಜಾಗವಿದ್ದರೆ ರಿವರ್ಸ್‌ನಲ್ಲಿ ಹತ್ತಿಸಿ ನೋಡಿ. ಆಗ ಭಾರ ಎಳೆಯುವ ಚಕ್ರಗಳ ಮೇಲೆಯೇ ಕೂರುತ್ತದೆ. ಮುಂದಕ್ಕೆ ಹತ್ತದ ಏರು ಎಷ್ಟೋ ಸಲ ಹಿಂದಕ್ಕೆ ಹತ್ತುತ್ತದೆ.

ತಳದಲ್ಲಿ ಮೊದಲು ಪೆಟ್ಟು ತಿನ್ನುವುದು ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್. ಕಲ್ಲು ತಾಗಿ ಕ್ಲಿಪ್ ಕಿತ್ತುಹೋಗುತ್ತದೆ, ಒಳಗೆ ಕೆಸರು ಗಟ್ಟಿಯಾಗುತ್ತದೆ, ಆಮೇಲೆ ಅದು ರಸ್ತೆಗೆ ಉಜ್ಜುವ ಶಬ್ದಕ್ಕೆ ಗಾಬರಿಯಾಗುವುದು. ಮಳೆಗಾಲ ಮುಗಿದ ಕೂಡಲೇ ಬಿಚ್ಚಿ ತೊಳೆಸಿ. ಕಬ್ಬಿಣದ ತಗಡು ಕಟ್ಟಿಸುವುದಾದರೆ ಚೇಂಬರ್‌ನ ಆಯಿಲ್ ಇಳಿಸುವ ಬೋಲ್ಟಿನ ನೇರಕ್ಕೆ ತೂತು ಬಿಡಿಸಿ. ಇಲ್ಲದಿದ್ದರೆ ಪ್ರತಿ ಸರ್ವಿಸ್‌ಗೂ ತಗಡು ಇಳಿಸಬೇಕಾಗುತ್ತದೆ.

ವರ್ಷಕ್ಕೆ ನಾಲ್ಕು ತಿಂಗಳು ಆ ಏರೇ ದಿನದ ದಾರಿಯಾದರೆ ನಾಲ್ಕು ಮೀಟರ್ ಒಳಗೇ ಫೋರ್‌ವ್ಹೀಲ್ ಡ್ರೈವ್ ಇದೆ: ಜಿಮ್ನಿ ಮತ್ತು ಮೂರು ಬಾಗಿಲಿನ ಥಾರ್, ಎರಡೂ 3,985 ಮಿ.ಮೀ. ಥಾರ್‌ನಲ್ಲಿ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯೂ ಇದೆ, ಬುಕ್ ಮಾಡುವಾಗ ಕೇಳಿ. ಕೂರುವ ಸುಖ, ಡಿಕ್ಕಿ, ಮೈಲೇಜು ಮೂರರಲ್ಲೂ ರಾಜಿಯಾಗಬೇಕಾಗುತ್ತದೆ. ಮನೆಯವರ ಒಪ್ಪಿಗೆ ಮೊದಲೇ ಪಡೆಯುವುದು ಕ್ಷೇಮ.

ಬೆಂಗಳೂರಿನಿಂದ: ದಿನಾ ಔಟರ್ ರಿಂಗ್ ರೋಡ್ ಟ್ರಾಫಿಕ್. ಆಟೊಮ್ಯಾಟಿಕ್ ಬೇಕು. ಎಎಂಟಿ, ಡಿಸಿಟಿ, ಟಾರ್ಕ್ ಕನ್ವರ್ಟರ್, ಯಾವುದು ಬಾಳಿಕೆ?

ನಿಮ್ಮ ರಸ್ತೆಗೆ ಟಾರ್ಕ್ ಕನ್ವರ್ಟರ್. ಬ್ರೆಝಾ, 3ಎಕ್ಸ್‌ಒ, ಕೈಲಾಕ್‌ಗಳಲ್ಲಿ ಇದು 6 ಗೇರಿನದು. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಎಣ್ಣೆಯ ಮೂಲಕ ಶಕ್ತಿ ಹೋಗುವುದರಿಂದ ಇಂಚಿಂಚು ಸರಿದರೂ ಕ್ಲಚ್ ತೇಯುವ ಪ್ರಶ್ನೆಯಿಲ್ಲ. ಟ್ರಾಫಿಕ್‌ನಲ್ಲಿ ಮೈಲೇಜು ಒಂದೆರಡು ಕಿ.ಮೀ. ಕಡಿಮೆ ಸಿಗುತ್ತದೆ. ‘ಈ ಎಣ್ಣೆ ಜೀವನಪರ್ಯಂತ’ ಎಂದು ಯಾರಾದರೂ ಹೇಳಿದರೂ 60,000 ಕಿ.ಮೀ.ಗೆ ಬದಲಿಸಿಬಿಡಿ.

ಡಿಸಿಟಿ ಹೆದ್ದಾರಿಯಲ್ಲಿ ಬೆಣ್ಣೆ. ಅದರಲ್ಲಿ ಎರಡು ಕ್ಲಚ್ ಇರುತ್ತವೆ, ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ವೆನ್ಯೂ, ಸೋನೆಟ್‌ನ 1.0 ಟರ್ಬೊ ಜೊತೆ ಬರುವ 7 ಗೇರಿನದರಲ್ಲಿ ಆ ಕ್ಲಚ್‌ಗಳು ಒಣ ಬಗೆಯವು, ತಣ್ಣಗಾಗಲು ಗಾಳಿಯೇ ಗತಿ. ಬ್ರೇಕ್ ಅರ್ಧ ಬಿಟ್ಟು ತೆವಳಿಸುವಾಗ ಕ್ಲಚ್ ಜಾರುತ್ತಲೇ ಇರುತ್ತದೆ, ಬಿಸಿ ಏರುತ್ತದೆ. ಮೊದಲು ನಡುಕ, ಆಮೇಲೆ ಡಿಸ್‌ಪ್ಲೇ ಮೇಲೆ ಟ್ರಾನ್ಸ್‌ಮಿಷನ್ ಬಿಸಿಯಾಗಿದೆ ಎಂಬ ಎಚ್ಚರಿಕೆ. ಡಿಸಿಟಿಯೇ ಬೇಕೆಂದರೆ ಓಡಿಸುವ ರೂಢಿ ಬದಲಿಸಿ: ಮುಂದಿನ ವಾಹನ ಒಂದು ಕಾರಿನಷ್ಟು ಸರಿದ ಮೇಲೆ ಬ್ರೇಕ್ ಪೂರ್ತಿ ಬಿಟ್ಟು ಒಂದೇ ಸಲ ಹೋಗಿ, ಮತ್ತೆ ಪೂರ್ತಿ ಒತ್ತಿ ನಿಲ್ಲಿ. ಬ್ರೇಕ್ ಪೂರ್ತಿ ಒತ್ತಿ ನಿಂತಿದ್ದಾಗ ಕ್ಲಚ್ ಬಿಟ್ಟುಕೊಂಡಿರುತ್ತದೆ, ತೇಯುವುದಿಲ್ಲ. ಫ್ಲೈಓವರ್ ಏರಿನಲ್ಲಿ ಆಕ್ಸಿಲರೇಟರ್ ತುಳಿದು ಕಾರನ್ನು ಹಿಡಿದಿಡುವ ಚಾಳಿ ಮಾತ್ರ ಬೇಡವೇ ಬೇಡ. ನೀವು ಬಿಟ್ಟ ಆ ಒಂದು ಕಾರಿನ ಜಾಗಕ್ಕೆ ಬೈಕು, ಆಟೊ ನುಗ್ಗುವುದು ಬೇರೆ ಮಾತು.

ಎಎಂಟಿ ಎಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಯಂತ್ರದ್ದು. ಮೂರರಲ್ಲಿ ಅಗ್ಗ, ರಿಪೇರಿಯೂ ಸುಲಭ. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುತ್ತದೆ. ಹಿಲ್ ಹೋಲ್ಡ್ ಇದೆಯೇ ಎಂದು ವೇರಿಯಂಟ್ ಪಟ್ಟಿಯಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಏರಿನಲ್ಲಿ ಹಿಂದೆ ಸರಿಯುತ್ತದೆ.

ದಾವಣಗೆರೆಯಿಂದ: ಒಂದೇ ಕಾರಿನ ಎರಡು ವೇರಿಯಂಟ್. ಎಕ್ಸ್‌ಶೋರೂಂ 9.90 ಲಕ್ಷ ಮತ್ತು 10.40 ಲಕ್ಷ. ಐವತ್ತು ಸಾವಿರಕ್ಕೆ ಸನ್‌ರೂಫ್, ದೊಡ್ಡ ಸ್ಕ್ರೀನ್ ಸಿಗುತ್ತದೆ. ತೆಗೆದುಕೊಳ್ಳಲೇ?

ಅದು ಐವತ್ತು ಸಾವಿರವಲ್ಲ, ಲಕ್ಷದ ಹತ್ತಿರ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇ 14, 10 ದಾಟಿ 20 ಲಕ್ಷದವರೆಗೆ ಶೇ 17. ಹೆಚ್ಚಿನ ದರ ಬೀಳುವುದು ಮೇಲಿನ ನಲವತ್ತು ಸಾವಿರಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ. 9.90 ಲಕ್ಷಕ್ಕೆ 1,38,600 ರೂ., 10.40 ಲಕ್ಷಕ್ಕೆ 1,76,800 ರೂ. ಇದರ ಮೇಲೆ ಸೆಸ್ ಬೇರೆ. 10 ಲಕ್ಷ ಮೀರಿದರೆ ಶೇ 1ರಷ್ಟು ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ಕಟ್ಟಿಸಿಕೊಳ್ಳುತ್ತಾರೆ. ಅದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಂದಿನ ಮಟ್ಟಿಗೆ ಕೈಯಿಂದ ಹೋಗುವ ದುಡ್ಡೇ.

ಇನ್ನೊಂದು ಸಣ್ಣ ಲಾಭದ ಲೆಕ್ಕ: ಥರ್ಡ್ ಪಾರ್ಟಿ ವಿಮೆ ಎಂಜಿನ್ ಸಿಸಿ ನೋಡಿ ನಿಗದಿಯಾಗುತ್ತದೆ. 2022ರ ದರಪಟ್ಟಿಯಂತೆ ಹೊಸ ಕಾರಿಗೆ ಕಡ್ಡಾಯವಾದ ಮೂರು ವರ್ಷದ ಕಂತು 1,000 ಸಿಸಿ ಒಳಗಾದರೆ 6,521 ರೂ., 1,500 ಒಳಗಾದರೆ 10,640 ರೂ., ಜಿಎಸ್‌ಟಿ ಪ್ರತ್ಯೇಕ. 998 ಸಿಸಿಯ ಟರ್ಬೊ ಎಂಜಿನ್ ಶಕ್ತಿಯಲ್ಲಿ ದೊಡ್ಡದಾದರೂ ಈ ಪಟ್ಟಿಯಲ್ಲಿ ಸಣ್ಣ ಕಾರು.

ಐವತ್ತು ಸಾವಿರ ಖರ್ಚು ಮಾಡಲೇಬೇಕೆಂದಿದ್ದರೆ ಹಿಂದಿನ ವೈಪರ್, ಟೈರ್ ಪ್ರೆಷರ್ ಮಾನಿಟರ್, ಎತ್ತರ ಹೊಂದಿಸುವ ಡ್ರೈವರ್ ಸೀಟು ಇರುವ ವೇರಿಯಂಟ್ ಹುಡುಕಿ. ದಾವಣಗೆರೆಯ ಬಿಸಿಲಿಗೆ ಸನ್‌ರೂಫ್ ಯಾಕೆ?

ಉಡುಪಿಯಿಂದ: ಅಮ್ಮನಿಗೆ ಮಂಡಿನೋವು. ಎತ್ತರದ ಕಾರು ಹತ್ತಲು ಕಷ್ಟವಾಗುವುದಿಲ್ಲವೇ?

ದೊಡ್ಡ ಎಸ್‌ಯುವಿಗಳಲ್ಲಿ ಆಗುತ್ತದೆ, ಈ ವರ್ಗದಲ್ಲಿ ಸಾಮಾನ್ಯವಾಗಿ ಇಲ್ಲ. ಹಳೆಯ ಸೆಡಾನ್‌ಗಳಲ್ಲಿ ಕುಕ್ಕರುಗಾಲಲ್ಲಿ ಕೂತಂತಾಗಿ, ಏಳುವಾಗ ಮಂಡಿಯ ಮೇಲೆಯೇ ಪೂರ್ತಿ ಭಾರ ಬೀಳುತ್ತದೆ. ಕಾಂಪ್ಯಾಕ್ಟ್ ಎಸ್‌ಯುವಿಯ ಸೀಟು ಹೆಚ್ಚಿನವರ ಸೊಂಟದ ಮಟ್ಟಕ್ಕೆ ಬರುತ್ತದೆ, ಜಾರಿ ಕೂತರಾಯಿತು.

ಅಮ್ಮನನ್ನು ಶೋರೂಮಿಗೆ ಕರೆದೊಯ್ದು, ನಿತ್ಯ ಉಡುವ ಸೀರೆಯಲ್ಲೇ ಹತ್ತಿಸಿ ನೋಡಿ. ಮೊದಲು ಬಾಗಿಲಿಗೆ ಬೆನ್ನು ಹಾಕಿ ಸೀಟಿನ ಅಂಚಿಗೆ ಕೂರಲಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆಳೆದುಕೊಳ್ಳಲಿ. ನೋಡಬೇಕಾದ್ದು ಮೂರು: ಹಿಂದಿನ ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಕಾಲು ಎತ್ತಿ ದಾಟಬೇಕಾದ ಹೊಸ್ತಿಲು ಎಷ್ಟು ದಪ್ಪ, ಮೇಲೆ ಹಿಡಿಕೆ ಇದೆಯೇ. ಕೂಪೆಯಂತೆ ಹಿಂದಕ್ಕೆ ಇಳಿಜಾರಾದ ಚಾವಣಿಯ ಕಾರುಗಳಲ್ಲಿ ತಲೆ ಬಗ್ಗಿಸಬೇಕಾಗುತ್ತದೆ, ಅವು ಬೇಡ. ಗೇಟನ್ನೂ ಅಳೆದುಕೊಳ್ಳಿ. ಸ್ವಿಫ್ಟ್ ಅಗಲ 1,735 ಮಿ.ಮೀ., ನೆಕ್ಸಾನ್ 1,804, ಕನ್ನಡಿಗಳು ಅದರ ಆಚೆಗೆ. ಹಳೆಯ ಮನೆಯ ಕಾಂಪೌಂಡಿನ ಒಳಗೆ ಕಾರು ಹೋದರೂ ಅಮ್ಮ ಇಳಿಯುವಷ್ಟು ಬಾಗಿಲು ತೆರೆಯದಿದ್ದರೆ ಏನು ಬಂತು?

ಹುಬ್ಬಳ್ಳಿಯಿಂದ: ತಿಂಗಳಿಗೆ 600 ಕಿ.ಮೀ., ಹೆಚ್ಚಿನದು ಊರೊಳಗೆ. ಡೀಸೆಲ್ ಲಾಭವೇ?

ಲೆಕ್ಕ ಹಾಕೋಣ. ವರ್ಷಕ್ಕೆ 7,200 ಕಿ.ಮೀ. ಊರೊಳಗೆ ಪೆಟ್ರೋಲ್ ಟರ್ಬೊ ಲೀಟರಿಗೆ 14, ಡೀಸೆಲ್ 19 ಕೊಡುತ್ತದೆ, ದರ 103 ಮತ್ತು 91 ರೂ. ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ ಸುಮಾರು 53,000, ಡೀಸೆಲ್ಲಿಗೆ 34,500. ಉಳಿತಾಯ 18,500. ಡೀಸೆಲ್ ಕಾರಿಗೆ ತೆರಿಗೆ ಸೇರಿ ಒಂದೂಕಾಲು ಲಕ್ಷ ಹೆಚ್ಚು ಕೊಟ್ಟರೆ ಅದು ವಾಪಸ್ ಬರಲು ಏಳು ವರ್ಷ ಹತ್ತಿರ.

ದುಡ್ಡಿಗಿಂತ ದೊಡ್ಡ ಅಡ್ಡಿ ಡಿಪಿಎಫ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಈ ಫಿಲ್ಟರ್ ಇರುತ್ತದೆ. ಕೂಡಿದ ಮಸಿಯನ್ನು ಕಾರು ಆಗಾಗ ತಾನೇ ಸುಡಬೇಕು. ಅದಕ್ಕೆ ಹೊಗೆಯ ಬಿಸಿ ಸುಮಾರು 600 ಡಿಗ್ರಿಗೆ ಏರಬೇಕು. ಮೂರು ಕಿ.ಮೀ. ಹೋಗಿ ಆಫ್ ಮಾಡುವ ಓಡಾಟದಲ್ಲಿ ಅದು ಆಗುವುದಿಲ್ಲ. ಸುಡಲು ಸಿಡಿಸಿದ ಹೆಚ್ಚುವರಿ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಇದೇ ಕಾರಣವಿರಬಹುದು, ತಕ್ಷಣ ಬದಲಿಸಿ. ಡಿಪಿಎಫ್ ದೀಪ ಹತ್ತಿದರೆ ಬೈಪಾಸ್‌ಗೆ ಒಯ್ದು 60 ಕಿ.ಮೀ. ವೇಗಕ್ಕೆ ಕಡಿಮೆಯಾಗದಂತೆ, 2,000 ಆರ್‌ಪಿಎಂ ಮೇಲೆ, ಹದಿನೈದು–ಇಪ್ಪತ್ತು ನಿಮಿಷ ಓಡಿಸಿ. ನಡುವೆ ಆಫ್ ಮಾಡಬೇಡಿ.

ವಾರಕ್ಕೊಮ್ಮೆಯಾದರೂ ಬೆಳಗಾವಿಗೋ ಗದಗಕ್ಕೋ ಹೋಗಿಬರುವವರಿಗೆ ಡೀಸೆಲ್ ಸರಿ. ನಿಮಗೆ ಪೆಟ್ರೋಲೇ ಸಾಕು.

ಮೈಸೂರಿನಿಂದ: ಐದು ಜನ ತಿರುಪತಿಗೆ ಹೋಗಿಬರಲು ಸೆಡಾನ್ ಬಿಟ್ಟು ಎಸ್‌ಯುವಿ ತೆಗೆದುಕೊಂಡರೆ ಜಾಗ ಹೆಚ್ಚು ಸಿಗುತ್ತದೆಯೇ?

ಇಲ್ಲ. ನೆಕ್ಸಾನ್ ಡಿಕ್ಕಿ 382 ಲೀಟರ್, ಹೊಸ ಡಿಜೈರ್‌ದೂ 382. ಬ್ರೆಝಾ 328. ಸಿಎನ್‌ಜಿ ಬ್ರೆಝಾದಲ್ಲಿ ಸಿಲಿಂಡರ್ ಡಿಕ್ಕಿಯನ್ನೇ ನುಂಗುತ್ತದೆ. ನೆಕ್ಸಾನ್ ಸಿಎನ್‌ಜಿಯಲ್ಲಿ ಎರಡು ಸಣ್ಣ ಸಿಲಿಂಡರ್ ಕೆಳಗೆ ಮಲಗಿಸಿರುವುದರಿಂದ 321 ಲೀಟರ್ ಉಳಿಯುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕೂತರೆ ನಡುವಿನವರ ಮಂಡಿಗೆ ಎಸಿ ವೆಂಟ್ ತಾಗುತ್ತದೆ. ಚಾವಣಿಯ ಮೇಲೆ ಕ್ಯಾರಿಯರ್ ಕಟ್ಟುವುದಾದರೆ ಎಷ್ಟು ಕೆ.ಜಿ. ತಡೆಯುತ್ತದೆಂದು ಕೈಪಿಡಿಯಲ್ಲಿ ನೋಡಿ. ಭಾರದ ಸೂಟ್‌ಕೇಸ್ ಕೆಳಗೆ, ಬಟ್ಟೆಯ ಚೀಲ ಮೇಲೆ.

ಕಲಬುರಗಿಯಿಂದ: 16 ಇಂಚಿನ ಚಕ್ರ ತೆಗೆದು 17 ಇಂಚಿನ ಅಲಾಯ್ ಹಾಕಿಸಿದರೆ ಕಾರು ಇನ್ನೂ ಎತ್ತರವಾಗುತ್ತದೆಯೇ?

215/60 ಆರ್16 ಟೈರಿನ ಒಟ್ಟು ವ್ಯಾಸ 664 ಮಿ.ಮೀ., 215/55 ಆರ್17 ಹಾಕಿದರೆ 668. ಕಾರು ಏರುವುದು ಬರೀ ಎರಡು ಮಿ.ಮೀ. ಅದೇ ಹೊತ್ತಿಗೆ ಟೈರಿನ ಪಕ್ಕೆ 129ರಿಂದ 118 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಇಳಿದಾಗ ಪೆಟ್ಟು ನುಂಗುವುದು ಆ ಪಕ್ಕೆಯೇ. ಅದು ತೆಳ್ಳಗಾದಷ್ಟೂ ರಿಮ್ ಬಾಗುವುದು, ಪಕ್ಕೆಯಲ್ಲಿ ಬುಗುಟು ಏಳುವುದು ಹೆಚ್ಚು. ಬುಗುಟು ಎದ್ದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಬದಲಿಸಲೇಬೇಕು. ಡಿಕ್ಕಿಯಲ್ಲಿರುವ ಸ್ಟೆಪ್ನಿ ಹಳೆಯ ಅಳತೆಯದೇ ಉಳಿಯುತ್ತದೆ ಎಂಬುದನ್ನೂ ಅಂಗಡಿಯವರು ಹೇಳುವುದಿಲ್ಲ.