‘ಪೊರ್ನೇಯ’ ಎಂಬ ಪದವೂ ಮದುವೆಗೆ ಮುಂಚಿನ ಒಂದು ಸಂಗತಿಯೂ

ಈ ದಂಪತಿಯ ಊರು, ಉದ್ಯೋಗ, ವಯಸ್ಸುಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರ ಒಪ್ಪಿಗೆಯೂ ಇದೆ. ಇಬ್ಬರೂ ಪ್ರೊಟೆಸ್ಟೆಂಟ್ ಸಭೆಗೆ ಸೇರಿದವರು, ಮದುವೆಯಾಗಿ ಆರು ವರ್ಷ, ಒಬ್ಬಳು ಪುಟ್ಟ ಮಗಳು. ಪತ್ನಿಗೆ ಕಾಲೇಜಿನ ದಿನಗಳಲ್ಲಿ ಒಬ್ಬರೊಡನೆ ದೈಹಿಕ ಸಂಬಂಧವಿತ್ತೆಂಬ ಸುದ್ದಿ, ನೆಂಟರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪತಿಯ ಕಿವಿಗೆ ಬಿತ್ತು. ಕೇಳಿದಾಗ ಆಕೆ ಸುಳ್ಳು ಹೇಳಲಿಲ್ಲ.

ಆಪ್ತಸಲಹೆಗಾರಳಾದ ನನ್ನ ಬಳಿ ಮೊದಲ ಭೇಟಿಗೆ ಪತಿ ಒಬ್ಬರೇ ಬಂದರು. ಕೈಯಲ್ಲಿದ್ದ ನೋಟ್‌ಬುಕ್ಕಿನಲ್ಲಿ ‘ಪೊರ್ನೇಯ’ ಎಂಬ ಗ್ರೀಕ್ ಪದವನ್ನು ದೊಡ್ಡದಾಗಿ ಬರೆದು, ಕೆಳಗೆ ಬೈಬಲಿನ ಮತ್ತಾಯನ ಸುವಾರ್ತೆಯ 5:32 ಮತ್ತು 19:9 ಎಂದು ಗುರುತು ಹಾಕಿಕೊಂಡಿದ್ದರು. ಆ ಎರಡು ವಾಕ್ಯಗಳಲ್ಲಿ ಹೆಂಡತಿಯನ್ನು ಬಿಡಬಾರದೆಂಬ ಮಾತಿಗೆ ಯೇಸು ಇಡುವ ಒಂದೇ ವಿನಾಯಿತಿ ಈ ಪದದಲ್ಲಿದೆ. ಅದರ ಅರ್ಥ ಮದುವೆಗೆ ಮುಂಚಿನ ಸಂಗವೆಂದು ಸಭೆಯ ಯಾವುದೋ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ಕೇಳಿದ್ದ ಅವರು, “ಹಾಗಾದರೆ ನನ್ನ ಮದುವೆ ಮದುವೆಯೇ ಅಲ್ಲ, ಅಲ್ಲವೇ ಮೇಡಂ?” ಎಂದು ಕೇಳಿದರು. ಮನೆಯಲ್ಲಿ ಮಾತ್ರ ಅವರು ಬಳಸುತ್ತಿದ್ದುದು ಗ್ರೀಕ್ ಪದವನ್ನಲ್ಲ, ‘ಹಾದರ’ ಎಂಬುದನ್ನು. ಈ ಜಾಗದಲ್ಲಿ ನಮ್ಮ ಬೈಬಲು ಓದುವವರಿಗೆ ಪರಿಚಿತವಾದ ಪದ ಅದೇ. ಆದರೆ ಅದು ಬೀದಿಜಗಳದ ಬೈಗುಳವೂ ಹೌದು, ಮದುವೆಯಾದವರ ಜಾರತನವೆಂಬ ಅರ್ಥವೇ ಅದರಲ್ಲಿ ಮುಂದಾಗಿ ಕೇಳಿಸುತ್ತದೆ.

ಪದದ ಚರ್ಚೆ ಆಪ್ತಸಲಹೆಗಾರರ ಕೆಲಸವಲ್ಲವೆಂದು ಸಭಾಪಾಲಕರಲ್ಲಿಗೆ ಕಳುಹಿಸಬಹುದಿತ್ತು. ದೈವಶಾಸ್ತ್ರ ಓದುವಾಗ ಎರಡು ವರ್ಷ ಗ್ರೀಕ್ ಕಲಿತಿದ್ದೆನೆಂಬ ಧೈರ್ಯದ ಮೇಲೆ ನಾನೇ ವಿವರಿಸಿದೆ. ಪೊರ್ನೇಯ ಎಂಬುದು ವೇಶ್ಯೆಯನ್ನು ಹೇಳುವ ‘ಪೊರ್ನೆ’ ಎಂಬ ಪದದ ಸಂಬಂಧಿ. ಯೆಹೂದ್ಯರು ತಮ್ಮ ಧರ್ಮಗ್ರಂಥವನ್ನು ಹೀಬ್ರೂವಿನಿಂದ ಗ್ರೀಕಿಗೆ ತಂದಾಗ ಅದರ ವ್ಯಾಪ್ತಿ ಬೆಳೆದು, ಪ್ರವಾದಿಗಳ ಬಾಯಲ್ಲಿ ವಿಗ್ರಹಾರಾಧನೆಗೂ ಅದೇ ಹೆಸರಾಯಿತು. ಪರಸಂಗಕ್ಕೆ ‘ಮೊಯಿಖೇಯ’ ಎಂಬ ಬೇರೆಯೇ ಪದವಿದ್ದು, ಮತ್ತಾಯ 15:19ರ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕದಲ್ಲಿ ನಿಂತಿವೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಪೌಲನು ತಂದೆಯ ಹೆಂಡತಿಯನ್ನು ಇಟ್ಟುಕೊಂಡವನ ನಡತೆಯನ್ನು ಪೊರ್ನೇಯ ಎನ್ನುತ್ತಾನೆ. ಮುಂದಿನ ಅಧ್ಯಾಯದಲ್ಲಿ ವೇಶ್ಯೆಯ ಸಂಗವನ್ನು ಕುರಿತು ಅದೇ ಮಾತು.

ಮದುವೆಗೆ ಮುಂಚಿನ ಸಂಬಂಧ ಇದರೊಳಗೆ ಸೇರುತ್ತದೆಯೇ ಎಂಬುದು ವಿದ್ವಾಂಸರಲ್ಲೇ ವಾದಕ್ಕೊಳಗಾಗಿದೆ: 1972ರಲ್ಲಿ ಬ್ರೂಸ್ ಮಲೀನ ಸೇರುವುದಿಲ್ಲವೆಂದು ವಾದಿಸಿದರೆ, 1978ರಲ್ಲಿ ಜೋಸೆಫ್ ಜೆನ್ಸನ್ ಅದಕ್ಕೆ ಎದುರುತ್ತರ ಬರೆದರು. ಪತಿಯ ವಾದಕ್ಕೆ ಬಲ ಕೊಡುವ ಜಾಗವನ್ನು ಮುಚ್ಚಿಡುವುದು ಸರಿಯೆನಿಸದೆ ನಾನೇ ತೆಗೆದು ತೋರಿಸಿದೆ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಕನ್ಯೆಯಲ್ಲವೆಂದು ಕಂಡುಬಂದ ವಧುವಿನ ಬಗ್ಗೆ ಗ್ರೀಕ್ ಅನುವಾದ ಇದೇ ಧಾತುವಿನ ಕ್ರಿಯಾಪದವನ್ನು ಬಳಸುತ್ತದೆ. ಅಲ್ಲಿನ ಶಿಕ್ಷೆ, ಆಕೆಯನ್ನು ತಂದೆಯ ಮನೆಯ ಬಾಗಿಲಲ್ಲಿ ಕಲ್ಲೆಸೆದು ಕೊಲ್ಲುವುದು. ಅದನ್ನು ಗಟ್ಟಿಯಾಗಿ ಓದಲು ಕೇಳಿದೆ. ಅರ್ಧದಲ್ಲೇ ನಿಲ್ಲಿಸಿದರು.

ಅವರು ಕೇಳಿದ್ದ ಪ್ರಸಂಗದ ಆಧಾರ ಬೇರೆಡೆ ಇದೆ. ಅಂದಿನ ಯೆಹೂದ್ಯರಲ್ಲಿ ನಿಶ್ಚಿತಾರ್ಥವೇ ಮದುವೆಯಷ್ಟು ಬಿಗಿಯಾಗಿದ್ದು, ಅದನ್ನು ಮುರಿಯಲು ತ್ಯಾಗಪತ್ರ, ಅಂದರೆ ವಿಚ್ಛೇದನದ ಪತ್ರ, ಬೇಕಿತ್ತು. ಆದ್ದರಿಂದ ಮತ್ತಾಯನ ವಿನಾಯಿತಿ ಆ ಅವಧಿಗೆ ಸಂಬಂಧಿಸಿದ್ದೆಂದು ಕೆಲವರು ಓದುತ್ತಾರೆ. ಆ ಓದನ್ನೇ ಒಪ್ಪಿದರೂ, ಅದು ಹೇಳುವುದು ನಿಶ್ಚಿತವಾದ ಮೇಲಿನ ದ್ರೋಹವನ್ನೇ ಹೊರತು, ಇವರ ಪರಿಚಯಕ್ಕೂ ಹಿಂದಿನ ಸಂಗತಿಯನ್ನಲ್ಲ. ಮಿಗಿಲಾಗಿ, ಆ ಓದಿಗೆ ಉದಾಹರಣೆಯಾಗುವ ಯೋಸೇಫನು, ತನಗೆ ನಿಶ್ಚಿತಳಾಗಿದ್ದ ಮರಿಯಳು ಬಸುರಿಯೆಂದು ತಿಳಿದಾಗ, ಆಕೆಯನ್ನು ಅವಮಾನಕ್ಕೆ ಗುರಿಮಾಡಲು ಮನಸ್ಸಿಲ್ಲದೆ ಗುಟ್ಟಾಗಿ ಬಿಡಬೇಕೆಂದುಕೊಂಡವನು. ನಮ್ಮವರಾದರೋ ಅಷ್ಟರಲ್ಲಿ ಅಣ್ಣ, ಅತ್ತಿಗೆ, ಸೋದರಮಾವ ಎಲ್ಲರಿಗೂ ಹೇಳಿ ಮುಗಿಸಿದ್ದರು. ಮಾರ್ಕ ಮತ್ತು ಲೂಕರ ಸುವಾರ್ತೆಗಳಲ್ಲಿ ಈ ವಿನಾಯಿತಿಯೇ ಇಲ್ಲವೆಂಬುದು ಅವರಿಗೆ ಹೊಸ ವಿಷಯವಾಗಿತ್ತು.

ಕಾನೂನಿನ ಮಾತು ಬೇಗ ಮುಗಿಯಿತು. 1869ರ ವಿಚ್ಛೇದನ ಕಾಯ್ದೆಯ 10ನೆಯ ಕಲಮು, 2001ರ ತಿದ್ದುಪಡಿಯ ನಂತರ, ವ್ಯಭಿಚಾರವನ್ನು ಆಧಾರಗಳಲ್ಲಿ ಒಂದೆಂದು ಹೇಳುವುದು ‘ಮದುವೆ ನೆರವೇರಿದಂದಿನಿಂದ’ ನಡೆದದ್ದಕ್ಕೆ ಮಾತ್ರ. ಉಳಿದದ್ದನ್ನು ವಕೀಲರಲ್ಲಿ ಕೇಳಬೇಕೆಂದೆ.

ಎರಡನೆಯ ಭೇಟಿಯಲ್ಲಿ ಪತ್ನಿಯೊಡನೆ ಪ್ರತ್ಯೇಕವಾಗಿ ಮಾತಾಡಿದೆ. “ದೇವರು ಕ್ಷಮಿಸಿದ್ದಾನೆಂದು ನಂಬಿದ್ದೇನೆ ಮೇಡಂ, ಇವರ ಮುಂದೆ ಮಾತ್ರ ದಿನಾ ವಿಚಾರಣೆ” ಎಂದರು. ದಿನವೂ ರಾತ್ರಿ ಹೊಸ ಪ್ರಶ್ನೆ: ಎಲ್ಲಿ, ಎಷ್ಟು ಸಲ, ಅವನು ಈಗ ಎಲ್ಲಿದ್ದಾನೆ. ಸತ್ಯವನ್ನು ಒಪ್ಪಿಕೊಂಡ ಮೇಲೆ ವಿವರಗಳನ್ನು ಒಪ್ಪಿಸುವ ಬಾಧ್ಯತೆ ಆಕೆಗಿಲ್ಲವೆಂದೂ, ಪ್ರಶ್ನೆಗಳು ಬೈಗುಳಕ್ಕೆ ತಿರುಗಿದ ದಿನ ಮಗಳನ್ನು ಕರೆದುಕೊಂಡು ತವರಿಗೆ ಹೋಗುವುದರಲ್ಲಿ ತಪ್ಪಿಲ್ಲವೆಂದೂ ಹೇಳಿದೆ.

ಮೂರನೆಯ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿ ಪತಿಗೆ ನೀಡಿದ ಸಲಹೆ ಇಷ್ಟು: ಹೆಂಡತಿಯನ್ನು ಬಿಡುವ ಮಾತನ್ನು ಎರಡು ತಿಂಗಳು ಎತ್ತಲೇಬಾರದು, ‘ಹಾದರ’ ಎಂಬ ಪದ ಮನೆಯಲ್ಲಿ, ಅದರಲ್ಲೂ ಮಗಳ ಎದುರಿಗೆ, ಕೇಳಿಸಬಾರದು, ಯಾರಿಗೆ ಹೇಳಿದ್ದರೋ ಅವರನ್ನು ಈ ವಿಷಯದಲ್ಲಿ ಮಾತು ನಿಲ್ಲಿಸುವಂತೆ ತಾವೇ ಕೇಳಿಕೊಳ್ಳಬೇಕು. ಕೇಳಲೇಬೇಕಾದ ಪ್ರಶ್ನೆಯಿದ್ದರೆ ಅದನ್ನು ನನ್ನ ಎದುರಿಗೆ ಕೇಳಬಹುದು, ಉತ್ತರಿಸುವುದೂ ಬಿಡುವುದೂ ಆಕೆಯ ಇಷ್ಟ. ಆಗ ಪತಿ ಕೇಳಿದ್ದು ಒಂದೇ: “ನನಗೇಕೆ ಮೊದಲೇ ಹೇಳಲಿಲ್ಲ?” ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಬರೆದಿರದ ಪ್ರಶ್ನೆ ಅದು. ಹೆಣ್ಣು ನೋಡಲು ಬಂದ ದಿನ ಹೇಳಿದ್ದರೆ ನೀವು ಎದ್ದು ಹೋಗುತ್ತಿರಲಿಲ್ಲವೇ ಎಂದು ಆಕೆ ಕೇಳಿದರು. ಆತ ಬಹಳ ಹೊತ್ತು ಯೋಚಿಸಿ, ಹೋಗುತ್ತಿದ್ದೆನೆಂದು ಒಪ್ಪಿಕೊಂಡರು.

ನಾಲ್ಕನೆಯ ಭೇಟಿಗೆ ಪತಿ ಮಾತ್ರ ಬಂದರು. ಆಕೆ ಮಗಳೊಡನೆ ತವರಿಗೆ ಹೋಗಿದ್ದರು. ಹಿಂದಿನ ವಾರ ಆ ಪದ ಮತ್ತೊಮ್ಮೆ ಬಾಯಿಂದ ಜಾರಿತ್ತಂತೆ. ಮುಂದಿನ ಭೇಟಿಗೆ ಬರುವುದಾಗಿ ಆಕೆ ನನಗೆ ಫೋನ್ ಮಾಡಿ ತಿಳಿಸಿದ್ದಾರೆ.