ಗುಡ್ ಮಾರ್ನಿಂಗ್ ಹೂವಿನ ಮಧ್ಯೆ ಮೆಣಸಿನ ರೇಟು

ಪ್ರಶ್ನೆ: ಸೋಮವಾರಪೇಟೆ, ನಾಪೋಕ್ಲು, ಬೆಂಗಳೂರು ಅಂತ ಚದುರಿರೋ ನಾವು 30 ಜನ ಕಾಫಿ ಬೆಳೆಗಾರರು ಒಟ್ಟಿಗೆ ಕೆಲಸ ಮಾಡೋಣ ಅಂತಿದ್ದೀವಿ. ವಾಟ್ಸಾಪ್ ಗ್ರೂಪ್ ತುಂಬ ಗುಡ್ ಮಾರ್ನಿಂಗ್ ಹೂವು, ಕರಿಮೆಣಸಿನ ರೇಟು ಹುಡುಕೋಕೇ ಆಗಲ್ಲ. ಯಾವ ಆ್ಯಪ್ ಒಳ್ಳೇದು?

ಉತ್ತರ: ವಾಟ್ಸಾಪ್ ಬಿಡ್ಬೇಡಿ ಮಾರಾಯ್ರೆ, ಬಿಟ್ರೆ ಹಿರಿಯರು ಯಾರೂ ಬರಲ್ಲ, ಅದ್ರಲ್ಲೇ ಕಮ್ಯುನಿಟಿ ಮಾಡಿ ರೇಟಿಗೊಂದು ಹರಟೆಗೊಂದು ಗ್ರೂಪ್ ಇಡಿ, ಹೂವೆಲ್ಲ ಹರಟೆಗೆ ಹೋಗ್ಲಿ. ಹೊಸಬರಿಗೂ ಹಳೇ ಮೆಸೇಜ್, ಫೈಲು ಎಲ್ಲಾ ಕಾಣ್ಬೇಕು ಅಂದ್ರೆ ಟೆಲಿಗ್ರಾಂ. ಲೆಕ್ಕ ಗೂಗಲ್ ಶೀಟಲ್ಲಿ. ಮೀಟಿಂಗಿಗೆ ಜೂಮ್ ಫ್ರೀಯಾಗಿ 40 ನಿಮಿಷ, ಗೂಗಲ್ ಮೀಟ್ 60, ಆದ್ರೆ ನಮ್ಮೋರಿಗೆ ತೋಟದಲ್ಲಿ ಮಳೆ ಎಷ್ಟಿಂಚು ಬಿತ್ತು ಅಂತ ಹೇಳೋಕೇ 20 ನಿಮಿಷ ಬೇಕಲ್ಲ! ಜುಲೈಲಿ ಕರೆಂಟು, ಟವರು ಎರಡೂ ಕೈಕೊಟ್ರೆ ವಿಡಿಯೋ ಮರ್ತುಬಿಡಿ, ವಾಯ್ಸ್ ಮೆಸೇಜೇ ಗತಿ. ಅಡ್ಮಿನ್ ಇಬ್ಬರಿರ್ಲಿ, ಒಬ್ರು ಬೆಂಗಳೂರಲ್ಲಿ.